ಮಾಡಪ್ಪ, ಮಾರಪ್ಪ ಮತ್ತು ನಮ್ಮ ಮನೆಯ ವಿಲಾಯತಿ ಹಿರಿಮಗ

ಇಟಗಿ ಗುಡಿಯ ಕಡೆ ಮುಖ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಹೇಳುವ ಗರಜು ಇರುವುದು ಬದುಕಿನಲ್ಲಿ ಏನೂ ಆಗದವರಿಗೆ. ನನ್ನ ಹಣೆಬರಹ ಹಾಗಿಲ್ಲ. ನಾನು ಸುಮ್ಮನೆ ಕಟ್ಟೆಯ ಮೇಲೆ ಕುಳಿತರೂ ಏನಾದರೊಂದು ಬಂದು ಪಕ್ಕದಲ್ಲಿ ಕೂರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇನ್ನೂ ರಾಯಚೂರು ಜಿಲ್ಲೆಯೊಳಗಿದ್ದ ಆ ಎಪ್ಪತ್ತರ ದಶಕದ ಕೊನೆಯಲ್ಲಿ, ರಾಜ ಮಹಾರಾಜರು ಏರುವ ವಿಲಾಯತಿ ಕಾರು ಯಾರ ಮನೆಯಲ್ಲಿದೆ ಅಂತ ಕೇಳಿದರೆ ಎಮ್ಮೆಗಳೂ ನಮ್ಮ ಮನೆಯ ಕಡೆ ಕೋಡು ತೋರಿಸುತ್ತಿದ್ದವು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಹುಡುಕಿಕೊಂಡು ಬರುತ್ತಾರೆ. ಬಂದರೆ ಅವಮಾನ ಅವರಿಗೇ.

೧. ಸಿಪ್ಪಿ ಪುಕ್ಕಟೆ

ಅಪ್ಪ ಹೈದರಾಬಾದಿಗೆ ಹೋದದ್ದು ಬಾವಿಯ ನೀರೆತ್ತುವ ಇಂಜಿನ್ ತರಲು. ನಿಜಾಮರ ಕಾಲದ ಶಾಲೆಯಲ್ಲಿ ಕಲಿತ ಉರ್ದುವಿಗೆ ತುಕ್ಕು ಹಿಡಿಯಬಾರದಲ್ಲ, ಆಗಾಗ ಅಲ್ಲಿ ಹೋಗಿ ಉಜ್ಜಿಕೊಂಡು ಬರುತ್ತಿದ್ದ. ಆ ಸಲ ಯಾವುದೋ ನವಾಬರ ಹವೇಲಿಯ ಸಾಮಾನು ಹರಾಜಿಗಿತ್ತು.

“ಇಂಜಿನ್ ಹೈ?” ಅಂತ ಅಪ್ಪ ಕೇಳಿದನಂತೆ.

“ಹೈ ಸಾಬ್. ಬಹುತ್ ಬಡಾ.”

ದೊಡ್ಡದು ಅಂದ ಮೇಲೆ ನಮ್ಮಪ್ಪನಿಗೆ ಮುಂದಿನ ಮಾತು ಕೇಳಿಸುವುದಿಲ್ಲ.

ನಾಲ್ಕನೇ ದಿನ ಮನೆಯ ಮುಂದೆ ಲಾರಿ ಬಂದು ನಿಂತಿತು. ಹನ್ನೆರಡು ಮಂದಿ ಸೇರಿ ಎರಡು ತೊಲೆ ಆನಿಸಿ ಇಳಿಸಿದರೆ, ಇಳಿದದ್ದು ಕಾರು. ಅದರ ಉದ್ದ ಏನು ಹೇಳಲಿ, ಮುಂದಿನ ಗಾಲಿ ನಮ್ಮ ಬಾಗಿಲಿಗೆ, ಹಿಂದಿನ ಗಾಲಿ ಚಿಕ್ಕಪ್ಪನ ಬಾಗಿಲಿಗೆ. ನಮಗೂ ಚಿಕ್ಕಪ್ಪನಿಗೂ ಆಗ ಮಾತಿರಲಿಲ್ಲ. ಕಾರು ಬಂದ ಮೇಲೆ ಬೈಗುಳದಿಂದಲಾದರೂ ಶುರುವಾಯಿತು.

ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು, “ಇಂಜಿನ್ ಎಲ್ಲೈತ್ರಿ?”

“ಒಳಗೈತಿ. ಮ್ಯಾಲಿಂದೆಲ್ಲ ಸಿಪ್ಪಿ. ಬಿಚ್ಚಿ ಒಗದು ಇಂಜಿನ್ ಬಾವಿಗೆ ಇಳಸೂದು.”

“ಶೇಂಗಾ ತರ್ತೀನಂತ ಹೋಗಿ ಸಿಪ್ಪಿ ಹೊತ್ಕೊಂಡು ಬಂದವರನ್ನ ಇವತ್ತಽ ನೋಡಿದ್ನಿ.”

ಬಿಚ್ಚುತ್ತಾರೆ ಅಂದ ಕೂಡಲೇ ನಾನು ಕಾರಿನ ಮುಂದೆ ಕೈ ಚಾಚಿ ನಿಂತೆ. ಆಗ ನನಗೆ ಇಪ್ಪತ್ತೇಳು. ಆರು ಮನೆಯಲ್ಲಿ ಹೆಣ್ಣು ನೋಡಿ, ಆರೂ ಕಡೆ ಉಪ್ಪಿಟ್ಟು ತಿಂದು, ಆರೂ ಕಡೆಯಿಂದ “ಆಮ್ಯಾಲೆ ಹೇಳಿ ಕಳಸ್ತೀವಿ” ಅನ್ನಿಸಿಕೊಂಡು ಬಂದಿದ್ದೆ. ಈ ಕಾರಿನಲ್ಲಿ ಹೋದರೆ ಏಳನೆಯವರು ಹಾಗೆ ಅಂದಾರೆಯೇ?

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಕರಾರು ಹಾಕಿದ. “ಇಲ್ಲೀತನಾ ನಿನ್ನ ಮಾರಿ ನೋಡಿ ಯಾರೂ ಹೆಣ್ಣು ಕೊಟ್ಟಿಲ್ಲ. ಗಾಡಿ ಮಾರಿ ನೋಡಿ ಕೊಡ್ತಾರೇನು ನೋಡೂನು. ಯುಗಾದಿಯೊಳಗ ಹೆಣ್ಣು ಗಟ್ಟಿ ಆದ್ರ ಗಾಡಿ ಉಳೀತು. ಇಲ್ಲಂದ್ರ ಇಂಜಿನ್ ಬಾವಿಗೆ, ನೀನು ಅದರ ಹಗ್ಗಕ್ಕ.”

೨. ಕೆಡೂದು ಬಡವರ ಗಾಡಿ

ಕೊಪ್ಪಳದ ಮಿಸ್ತ್ರಿಯೊಬ್ಬ ಮೂರು ದಿನ ಕಾರಿನ ಕೆಳಗೆ ಮಲಗಿದ. ಅದರಲ್ಲಿ ಎರಡು ದಿನ ನಿದ್ದೆ. ಮೂರನೇ ದಿನ, ನಾಲ್ಕು ಮಂದಿ ಹಿಂದಿನಿಂದ ನೂಕಿದರೆ ಕೆಮ್ಮಿ ಎಚ್ಚರಾಗುವಷ್ಟಕ್ಕೆ ತಂದು ನಿಲ್ಲಿಸಿದ.

ಕಾರಿನ ಮೈಮೇಲೆ ಬರೆದಿದ್ದ ಹೆಸರು ಎಂದೋ ಅಳಿಸಿಹೋಗಿತ್ತು. ಆದರೆ ಮೂಗಿನ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಪುಟ್ಟ ಹಿತ್ತಾಳೆ ಗೊಂಬೆಯೊಂದಿತ್ತು. ಕುಷ್ಟಗಿಯ ಹೈಸ್ಕೂಲು ಮಾಸ್ತರರು ಅದನ್ನು ನೋಡಿ, ಕನ್ನಡಕ ಒರೆಸಿ, ಮತ್ತೊಮ್ಮೆ ನೋಡಿ, “ಗೊಂಬಿ ಐತಂದ್ರ ಇದು ಆ ಕಂಪನಿದಽ ಬಿಡಪಾ” ಅಂದವರೇ ಇಡೀ ಚರಿತ್ರೆ ಹೇಳಿಬಿಟ್ಟರು. ವಿಲಾಯತಿಯಲ್ಲಿ ಇಬ್ಬರಿದ್ದರಂತೆ. ಒಬ್ಬ ಬಡವರ ಮಗ, ಕಬ್ಬಿಣ ಮುಟ್ಟಿದರೆ ಕಾರು ಮಾಡುವವ. ಇನ್ನೊಬ್ಬ ಶ್ರೀಮಂತರ ಮಗ, ಬಾಯಿ ಬಿಟ್ಟರೆ ಕಾರು ಮಾರುವವ. ಇಬ್ಬರೂ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು, ಎದ್ದೇಳುವುದರೊಳಗೆ ಕಂಪನಿ ಕಟ್ಟಿದರು. ಮಾಸ್ತರರು ಅವರ ಹೆಸರನ್ನೂ ಹೇಳಿದರು, ನನ್ನ ನಾಲಿಗೆಗೆ ಹತ್ತಲಿಲ್ಲ. ಮಾಡುವವ ಮಾಡಪ್ಪ, ಮಾರುವವ ಮಾರಪ್ಪ ಅಂತ ಇಟ್ಟುಕೊಂಡೆ.

ಕುಷ್ಟಗಿ ಬಸ್ ಸ್ಟ್ಯಾಂಡಿನ ಮುಂದಿನ ಚಹಾದಂಗಡಿಯಲ್ಲಿ ಕೂತು ಈ ಚರಿತ್ರೆಯನ್ನು ತಾಲೂಕಿಗೆಲ್ಲ ಹಂಚಿದೆ. ಸೋಮವಾರ ಮಾಡಪ್ಪ ಮಾರಪ್ಪ ಊಟ ಮಾಡಿದ್ದು ಹೋಟೆಲಿನಲ್ಲಿ. ಗುರುವಾರದ ಹೊತ್ತಿಗೆ ಅರಮನೆಯಲ್ಲಿ. ಮುಂದಿನ ಸಂತೆಯ ದಿನ ರಾಣಿಯೇ ಸೆರಗು ಕಟ್ಟಿ ಬಡಿಸಿದಳು. ಈ ಕಂಪನಿಯ ಕಾರು ಕೆಟ್ಟ ಉದಾಹರಣೆ ಭೂಮಿಯ ಮೇಲೆ ಇಲ್ಲ ಅಂತಲೂ ಹೇಳಿದೆ.

ಒಬ್ಬ ಕೇಳಿದ, “ನಿನ್ನೆ ತಾವರಗೇರಾ ದಾರ್ಯಾಗ ನಿಂತಿತ್ತಲ್ಲೋ ಅಣ್ಣಾ?”

“ನಿಂತಿತ್ತು. ಕೆಟ್ಟಿರಲಿಲ್ಲ. ಕೆಡೂದು ಬಡವರ ಗಾಡಿ. ನಮ್ದು ನಿಂದ್ರತದ.”

“ಎಷ್ಟೊತ್ತು ನಿಂದ್ರತದ?”

“ಅದರ ಮನಸ್ಸಿಗೆ ಬಂದಷ್ಟು.”

ಚಹಾ ಸೋಸುತ್ತಿದ್ದ ಅಂಗಡಿಯವ ತಲೆ ಎತ್ತದೆ ಹೇಳಿದ, “ಹಂಗಾದ್ರ ನಮ್ಮ ಅಳಿಯನೂ ಅದಽ ಕಂಪನಿ ಮಾಲು.”

೩. ಗಂಗಾವತಿಯ ಒಪ್ಪಿಗೆ

ಏಳನೆಯ ಹೆಣ್ಣು ಗಂಗಾವತಿಯಲ್ಲಿ. ಕಾಲುವೆ ನೀರು ಕುಡಿದ ಭತ್ತದ ಗದ್ದೆಯವರು. ನಾನು ಟೆರಿಕಾಟ್ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಅಪ್ಪ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಬೆಳಿಗ್ಗೆ ಉಪ್ಪಿಟ್ಟಿಗೆ ಮುಟ್ಟಬೇಕಾದವರು ಸಂಜೆ ಚಹಾಕ್ಕೆ ಮುಟ್ಟಿದೆವು. ನಡುವೆ ಕಾರು ಐದು ಕಡೆ, ಕೆಟ್ಟಿತು ಅಂತಲ್ಲ, ನಿಂತಿತು.

ಓಣಿಯೇ ಕಿತ್ತುಕೊಂಡು ಬಂತು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರೊಬ್ಬರು ಬಾನೆಟ್ ಮುಟ್ಟಿ “ಏಮಿ ಬಂಡಿ ಅಂಡಿ ಇದಿ” ಅಂತ, ಎಂಥ ಗಾಡಿ ಇದು ಅಂತ, ಕಣ್ಣಿಗೊತ್ತಿಕೊಂಡರು. ಹೆಣ್ಣಿನ ಅಜ್ಜಿ ಗೊಂಬೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನನ್ನ ಕೈಗೂ ಒಂದು ಚೂರು ಪ್ರಸಾದ ಕೊಟ್ಟಳು. ಅಷ್ಟೇ, ಆ ಮನೆಯಲ್ಲಿ ನನ್ನ ಕಡೆ ನೋಡಿದ್ದು ಅದೊಂದೇ ಜೀವ. ಹುಡುಗಿ ತಟ್ಟೆ ಹಿಡಿದು ಬಂದವಳು ನನ್ನ ಭುಜದ ಮೇಲಿಂದ ಕಿಟಕಿಯಾಚೆ ಕಾರು ನೋಡುತ್ತ, ಬೆಳಗಿನಿಂದ ಕಾದಿದ್ದ ಉಪ್ಪಿಟ್ಟನ್ನು ನನ್ನ ತೊಡೆಯ ಮೇಲಿಟ್ಟು ಹೋದಳು.

ಒಳಗೆ ಮಾತಾಡಿ ಬಂದ ಹೆಣ್ಣಿನ ತಂದೆ, “ನಮಗ ಒಪ್ಪಿಗಿ ಐತ್ರಿ” ಅಂದರು.

ಅಪ್ಪ ಎದ್ದೇ ನಿಂತ. ಅವ್ವ ಸಕ್ಕರೆಗೆ ಕೈ ಚಾಚಿದಳು.

“ಗಾಡಿ ಛಲೋ ಐತಿ. ಮನಿಮಂದಿಗೆಲ್ಲ ಪಸಂದಾಗೇತಿ. ಒಂದಽ ಮಾತು, ಸಿಟ್ಟಾಗಬ್ಯಾಡ್ರಿ. ಗಾಡಿ ಜೋಡಿ ಬರಾಂವ ಇವನಽ ಬರಬೇಕೇನು? ನಿಮ್ಮ ಪೈಕಿ ಬ್ಯಾರೆ ಯಾರರ ಇಲ್ಲೇನು?”

ಬರುವಾಗ ಊರ ಅಗಸಿ ಬಾಗಿಲು ಕಂಡಾಗ ಅಪ್ಪ ಹಿಂದಿನಿಂದ ಮೆಲ್ಲಗೆ ಕೇಳಿದ, “ಮಿಸ್ತ್ರಿಗೆ ಗಾಡಿ ಬಿಚ್ಚಾಕ ಪಾನಾ ತಗೊಂಡು ಬಾ ಅಂತ ಹೇಳ್ಲೇನು?”

೪. ಬೆಡಗು: ಗಾಲಿಯವರು

ಸುಗ್ಗಿ ಮುಗಿಯಿತು. ಯುಗಾದಿಗೆ ಒಂದೂವರೆ ತಿಂಗಳು. ಆಗ ಹೆಳವ ಬಂದ. ಎತ್ತಿನ ಮೇಲೆ ಊರೂರು ತಿರುಗುತ್ತ, ಮನೆಯ ಮುಂದೆ ನಿಂತು ನಿಮ್ಮ ಮೂಲ ಪುರುಷ ಯಾರು, ಮೂಲ ಊರು ಯಾವುದು, ಕುಲದ ಬೆಡಗು ಯಾವುದು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಲ್ಲ ಹಾಡಿನಂತೆ ಹೇಳಿ ಜೋಳ ಒಯ್ಯುವವ. ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮಾತು ನಂಬುವುದಿಲ್ಲ, ಹೆಳವನ ಹೊತ್ತಿಗೆಯನ್ನು ನಂಬುತ್ತಾರೆ. ಅವನು ಮುಂದೆ ಹೋಗುವುದು ತಾವರಗೇರಾಕ್ಕೆ ಅಂತ ತಿಳಿಯಿತು. ತಾವರಗೇರಾದಲ್ಲಿ ನನ್ನ ಎಂಟನೆಯ ಹೆಣ್ಣಿನ ಮಾತು ನಡೆದಿತ್ತು.

ನಾಲ್ಕು ಸೇರು ಜೋಳ ಜಾಸ್ತಿ ಸುರಿದು, “ಹೆಳವಪ್ಪಾ, ನಮ್ಮ ಗಾಡಿದೂ ವಂಶಾವಳಿ ಬರಕೋ” ಅಂದೆ.

ಅವನು ನಗಲಿಲ್ಲ. ಹೊತ್ತಿಗೆ ಬಿಚ್ಚಿ ಕೂತ. “ಮೂಲ ಪುರುಷರು?”

“ಮಾಡಪ್ಪ, ಮಾರಪ್ಪ.”

“ಮೂಲ ಊರು?”

“ವಿಲಾಯತಿ. ನಡುವ ಹೈದರಾಬಾದ್.”

“ಬೆಡಗು?”

“ಗಾಲಿಯವರು ಅಂತ ಬರಿ.”

“ವಯಸ್ಸು?”

“ನಲವತ್ತರ ಮ್ಯಾಲೆ.”

“ಗಂಡೋ ಹೆಣ್ಣೋ?”

“ಗಂಡು.”

“ಮೂಗಿನ ಮ್ಯಾಲೆ ಹೆಣ್ಣು ನಿಂತೈತಲ್ಲ?”

“ಅದು ಹೇಂತಿ ಅಂತ ತಿಳ್ಕೋ.”

ಹೆಳವ ತಲೆ ಅಲ್ಲಾಡಿಸಿ ಬರೆದುಕೊಂಡ. “ಹೇಂತಿ ಮೂಗಿನ ಮ್ಯಾಲೆ ನಿಂತಾಳಂದ್ರ ಗಂಡಽ ಖರೆ. ಸಂಶೇ ಇಲ್ಲ.”

೫. ಕೊಟ್ಟಿಗೆಯ ಹಿರಿಮಗ

ತಾವರಗೇರಾದಲ್ಲಿ ಹೆಣ್ಣಿನ ತಂದೆ ಕೇಳಿದ್ದು ಒಂದೇ ಪ್ರಶ್ನೆ, “ಆ ಮನ್ಯಾಗ ಗಂಡ್ಮಕ್ಕಳು ಎಷ್ಟು?” ಗಾಡಿಯನ್ನು ಗಂಡುಮಕ್ಕಳ ಸಾಲಿನಲ್ಲೇ ಬರೆದಿದ್ದ ಹೆಳವ, ನಮ್ಮ ಓಣಿಯವರಿಂದ ಕೇಳಿಕೊಂಡದ್ದನ್ನೂ ಸೇರಿಸಿ, ಬರೆದದ್ದನ್ನು ಬರೆದ ಹಾಗೆ ಓದಿದ.

“ಹುಟ್ಟಿದಾಂವ ಒಬ್ಬ. ಹೊರಗಿಂದ ತಂದ ಮಗ ಒಬ್ಬ. ತಂದ ಮಗನಽ ಹಿರ್ಯಾ. ಹೈದರಾಬಾದಿನಿಂದ ತಂದಾರ, ನಲವತ್ತು ದಾಟ್ಯಾವ. ಮೈ ದೊಡ್ಡದು. ಕುಡಿತಾನ, ಎಷ್ಟು ಹಾಕಿದ್ರೂ ಸಾಲಂಗಿಲ್ಲ. ಮುಂಜಾನೆ ನಾಲ್ಕು ಮಂದಿ ಬೆನ್ನಿಗೆ ಕೈ ಕೊಟ್ಟು ನೂಕಿದ್ರ ಕೆಮ್ಮಿಕೋತ ಏಳ್ತಾನ. ದಾರ್ಯಾಗ ನಿಂತ್ರ ನಿಂತಽ ಬಿಡ್ತಾನ.”

ಹೆಣ್ಣಿನ ತಂದೆ, “ಈ ಸಂಬಂಧ ಬ್ಯಾಡ” ಅಂದರಂತೆ. ಆಗ ಒಳಗಿಂದ ಹುಡುಗಿ ಹೇಳಿದಳಂತೆ, “ಯಪ್ಪಾ, ಮಂದಿ ಹಡದ ಮಗನ್ನಽ ಹೊರಗ ಹಾಕ್ತಾರ. ಇವರು ಅಂಥಾಂವನ್ನ ತಂದು ಸಾಕ್ಯಾರಂದ್ರ ನನ್ನನ್ನೂ ಸಾಕ್ತಾರ. ಒಮ್ಮೆ ನೋಡಿ ಬಾ.”

ಯುಗಾದಿಗೆ ಎಂಟು ದಿನ ಇದ್ದಾಗ ಹೆಣ್ಣಿನ ತಂದೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದು ಕೂತರು. ಮೊದಲು ಗೂಡಿನಲ್ಲಿದ್ದ ನನ್ನ ವಾಲಿಬಾಲ್ ಕಪ್ಪು ನೋಡುತ್ತ, “ಇದರ ಮ್ಯಾಲೆ ಏನೋ ಇತ್ತಂಗ ಕಾಣ್ತದ. ಮುರದೈತಲ್ಲ” ಅಂದರು.

“ಇಲಿ ಒಯ್ದಿರಬೇಕ್ರಿ” ಅಂದಳು ಅವ್ವ.

“ಹಿತ್ತಾಳಿ ಒಯ್ಯೂ ಇಲಿ?”

“ನಮ್ಮೂರ ಇಲಿ ರೀ.”

ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು, “ಹೈದರಾಬಾದಿನಿಂದ ತಂದೀರಂತಲ್ಲ, ಎಲ್ಲಿಟ್ಟೀರಿ?”

ಅಪ್ಪನಿಗೆ ಕಾರಿನ ಮಾತು ಅಂತ ಸಂತೋಷ. “ಕೊಟ್ಟಿಗ್ಯಾಗ.”

“ಕೊಟ್ಟಿಗ್ಯಾಗ? ಎತ್ತಿನ ಜೋಡಿ?”

“ಮನ್ಯಾಗ ಹಿಡಿಯಂಗಿಲ್ರಿ. ಮ್ಯಾಲೆ ಒಂದು ತಾಡಪತ್ರಿ ಹೊಚ್ಚೀವಿ.”

“ನೀರು ನಿಡಿ?”

“ಹೊರಗ ಹೋಗೂ ದಿನ ಒಂದು ಕೊಡ ಮೂಗಿನ ಹಿಂದ ಸುರೀತೀವಿ. ಅದಕ್ಕ ಸಾಕು.”

ಬಂದವರು ಬೆವರು ಒರೆಸಿಕೊಂಡರು. ಗಾಡಿಯ ಮರ್ಯಾದೆ ಹೋದೀತೆಂದು ನಾನು ಬಾಗಿಲಲ್ಲಿ ನಿಂತು ಬೇಡ ಬೇಡ ಅಂತ ಕೈಸನ್ನೆ ಮಾಡಿದೆ. ಅಪ್ಪ ಅದನ್ನು ಇನ್ನೂ ಹೇಳು ಅಂತ ತಿಳಿದುಕೊಂಡ.

“ಮುಂದ ಏನ್ಮಾಡ್ತೀರಿ ಅವರನ್ನ?”

“ಏನೈತ್ರಿ ಮಾಡೂದು? ಯುಗಾದಿತನಾ ನೋಡ್ತೀನಿ. ಆಮ್ಯಾಲೆ ಕೊಪ್ಪಳದಿಂದ ಒಬ್ಬಾಂವ ಬರ್ತಾನ. ಹೊಟ್ಟಿ ಬಿಚ್ಚಿ, ಒಳಗಿಂದೆಲ್ಲ ಹೊರಗ ತಗದು, ಬಾವ್ಯಾಗ ಇಳಿಸಿಬಿಡೂದು. ಉಳಿದದ್ದು ಗುಜರಿಗೆ.”

ತಾವರಗೇರಾದ ಹಿರಿಯರು ಎದ್ದು ನಿಂತರು. ಚಪ್ಪಲಿ ಹುಡುಕಿದರು. ಒಂದು ಅವರದು, ಇನ್ನೊಂದು ನಮ್ಮಪ್ಪನದು ಸಿಕ್ಕಿತು. ಹಾಗೇ ಮೆಟ್ಟಿಕೊಂಡು ಬಾಗಿಲಿಗೆ ಹೋದವರು ತಿರುಗಿ, “ಆ ಪುಣ್ಯಾತ್ಮನ ಮಾರಿ ಒಮ್ಮೆ ತೋರಸ್ರಿ. ನೋಡಿಽ ಹೋಗ್ತೀನಿ” ಅಂದರು.

ಅವರನ್ನು ಕೊಟ್ಟಿಗೆಗೆ ಕರೆದೊಯ್ದು ತಾಡಪತ್ರಿ ಎಳೆದೆ. ಎತ್ತುಗಳ ನಡುವೆ, ಮೂಗಿನ ಮೇಲೆ ಹೆಂಡತಿಯನ್ನು ನಿಲ್ಲಿಸಿಕೊಂಡು ನಮ್ಮ ಹಿರಿಮಗ ನಿಂತಿದ್ದ. ಹಿರಿಯರು ನೋಡಿದರು. ಗೋಣಿಚೀಲದ ಮೇಲೆ ಕುಸಿದು ಕೂತರು. ಆಮೇಲೆ ಶುರುವಾದ ಅವರ ನಗು ಕೇಳಿ ಚಿಕ್ಕಪ್ಪನ ಮನೆಯವರು ಬೈಗುಳ ಮರೆತು ಓಡಿ ಬಂದರು.

ಕಣ್ಣೊರೆಸಿಕೊಂಡು ಅವರು ಹೇಳಿದರು, “ಹೆಣ್ಣು ಕೊಟ್ಟೆ. ನಾ ಹಿಂಗ ನಕ್ಕು ಎಷ್ಟೋ ದಿನ ಆಗಿತ್ತು. ಆದ್ರ ಬೀಗರ, ಹೊಟ್ಟಿ ಯಾಕ ಬಿಚ್ತೀರಿ? ಗಾಲಿ ತಿರಗತಾವಲ್ಲ? ಒಂದು ಗಾಲಿ ಎತ್ತಿ ಕಲ್ಲಿನ ಮ್ಯಾಲೆ ಆನಸ್ರಿ, ಪಟ್ಟಾ ಹಾಕ್ರಿ, ಪಂಪು ತಿರಗಸ್ರಿ.”

ಹಾಗೆ ಗಾಡಿಯೂ ಉಳಿಯಿತು, ಬಾವಿಗೂ ಇಂಜಿನ್ ಬಂತು. ರಾಜ ಮಹಾರಾಜರು ಕೂರುವ ಗಾದಿಯ ಮೇಲೆ ನನ್ನ ಹೆಂಡತಿ ಬುತ್ತಿ ಗಂಟು ಇಟ್ಟುಕೊಂಡು ಕೂತಳು, ಗಾಡಿ ನಿಂತಲ್ಲೇ ಓಡುತ್ತ ಎಂಟು ವರ್ಷ ನಮ್ಮ ಮೆಣಸಿನಗಿಡಕ್ಕೆ ನೀರು ಬಿಟ್ಟಿತು. ಮಾಡಪ್ಪ ಮಾರಪ್ಪರ ಚರಿತ್ರೆಯಲ್ಲಿ ಈ ಅಧ್ಯಾಯ ಇರಲಿಕ್ಕಿಲ್ಲ. ಅದು ಅವರ ನಷ್ಟ.

ಇಷ್ಟೆಲ್ಲ ಆಣೆ ಹಾಕಿದ ಮೇಲೆ ಒಂದು ಸಣ್ಣ ವಿವರ ಒಪ್ಪಿಕೊಳ್ಳುವುದು ನ್ಯಾಯ. ಮದುವೆಯಾದ ಒಂಬತ್ತನೇ ದಿನ ನನ್ನ ಹೆಂಡತಿ ಗೂಡು ಒರೆಸುತ್ತ ಆ ಮುರಿದ ಕಪ್ಪು ಇಳಿಸಿದಳು. ಅದರ ಮೇಲಿನ ಬರಹ ಓದಿದಳು: ಅಳವಂಡಿ ವಾಲಿಬಾಲ್ ಪಂದ್ಯಾಟ, ದ್ವಿತೀಯ ಬಹುಮಾನ. ನೇರ ಕೊಟ್ಟಿಗೆಗೆ ಹೋಗಿ ಕಪ್ಪಿನ ಮುರಿದ ತುದಿಯನ್ನು ಕಾರಿನ ಮೂಗಿನ ಗೊಂಬೆಯ ಪಾದಕ್ಕೆ ಹಿಡಿದಳು. ಬೀಗರು ಸಂಬಂಧ ಕೂಡಿಸಿದಷ್ಟು ಚೆನ್ನಾಗಿ ಕೂಡಿತು.

“ಏನ್ರಿ,” ಅಂದಳು, “ವಿಲಾಯತಿ ಕಂಪನಿ ಅಳವಂಡ್ಯಾಗ ಐತಂತ ಹೆಳವಪ್ಪಗ ಯಾಕ ಹೇಳ್ಲಿಲ್ಲ?”

ಆ ಗೊಂಬೆಯೊಂದು ಬಿಟ್ಟರೆ ಉಳಿದದ್ದೆಲ್ಲ ಖರೆ.