ಒಂದೂ ಇಟ್ಟಂಗಿ ಉಳಿಯದ ವಿಮಾನ

ನಮ್ಮ ಮಾಮಾನ ಹತ್ತಿರ ಇರುವಷ್ಟು ವಿಮಾನಗಳು ಬೆಳಗಾವಿಯ ವಿಮಾನ ನಿಲ್ದಾಣದಲ್ಲೂ ಇರಲಿಕ್ಕಿಲ್ಲ. ಆದರೆ ಒಂದರಲ್ಲೂ ಅವರು ಕಾಲಿಟ್ಟಿಲ್ಲ! ಇಡುವುದಾದರೂ ಹೇಗೆ? ಅವರ ಎಲ್ಲಕ್ಕಿಂತ ದೊಡ್ಡ ವಿಮಾನವೇ ನನ್ನ ಲಟ್ಟಣಿಗೆಯಷ್ಟು ಉದ್ದ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಮಹಾಲಿಂಗಪುರದಲ್ಲಿ ಬೆಲ್ಲದ ಅಂಗಡಿ. ಅವರು ಕೂಡಿಡುವುದು ಪುಟ್ಟ ಪ್ಲಾಸ್ಟಿಕ್ ಇಟ್ಟಂಗಿಗಳನ್ನು ಒಂದಕ್ಕೊಂದು ಒತ್ತಿ ಕಟ್ಟುವ ಆಟಿಕೆ ವಿಮಾನಗಳನ್ನು. ಅವೂ ಎಂಥವು! ಖರೇ ವಿಮಾನ ಕಂಪನಿಗಳ ಹೆಸರು, ಬಣ್ಣ, ಬಾಲದ ಮೇಲಿನ ಚಿತ್ರ ಎಲ್ಲಾ ಇರುವಂಥವು. ಬೆಲ್ಲದ ಪೆಂಟಿಗಳ, ಅಂದರೆ ದೊಡ್ಡ ಅಚ್ಚುಗಳ, ಮೇಲಿನ ಹಲಗೆಯಲ್ಲಿ ಸಾಲಾಗಿ ನಿಂತಿವೆ. ಇರುವೆಗಳು ಗೋಡೆ ಹತ್ತಿ, ಒಂದರ ಹಿಂದೊಂದು ಅವುಗಳ ಬಾಗಿಲೊಳಗೆ ಹೋಗುತ್ತವೆ. ಅಷ್ಟು ಶಿಸ್ತಿನ ಪ್ರಯಾಣಿಕರನ್ನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಾನಂತೂ ಕಂಡಿಲ್ಲ! ಖಂಡೇಪೂಜೆಗೆ, ಅದೇ ಆಯುಧಪೂಜೆಗೆ, ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು ಬೇರೆ. ಹಣ್ಣೇ ದೊಡ್ಡದಾಗಿ ವಿಮಾನ ಮೂಗೆತ್ತಿ ಹಾರಲು ಹೊರಟಂತೆ ಕಾಣುತ್ತದೆ. ಮಾಮಾ ಗಾಬರಿಯಾಗಿ ಕೆಳಗಿಳಿಸುತ್ತಾರೆ.

ಹಾರುವುದರ ಈ ಅಂಜಿಕೆಯೇ ಅವರ ಕೂಡಿಡುವ ಹುಚ್ಚಿನ ಮೂಲ. ಒಮ್ಮೆ ಅವರ ಗೆಳೆಯರು ವಿಮಾನದಲ್ಲಿ ಕಾಶಿಗೆ ಹೋಗೋಣವೆಂದರು. ಪೆಂಟಿ ಒಡೆದು ಒಳಬಣ್ಣ ನೋಡದೆ ಬೆಲ್ಲ ಕೊಳ್ಳದ ಮನುಷ್ಯ, ಒಳಗೇನಿದೆಯೆಂದು ನೋಡದೆ ವಿಮಾನ ಹತ್ತುವುದುಂಟೆ? ಅದೇ ಕಂಪನಿಯ ಇಟ್ಟಂಗಿ ವಿಮಾನ ತರಿಸಿ, ಚಿತ್ರ ನೋಡಿಕೊಂಡು ಕಟ್ಟಿದರು. ವಿಮಾನ ಪೂರ್ತಿಯಾಯಿತು. ಡಬ್ಬಿಯಲ್ಲಿ ಮಾತ್ರ ಜೋಳದ ಕಾಳಿನಷ್ಟು ಎರಡು ಇಟ್ಟಂಗಿ ಉಳಿದವು!

"ನೋಡ್ರೆಪಾ, ಕಟ್ಟಿ ಮುಗದ ಮ್ಯಾಲೂ ಎರಡು ಉಳದಾವು. ಎಲ್ಲೀವೋ ಏನೋ! ಇಂಥಾದ್ರಾಗ ಕುಂಡ್ರೂದೇನ್ರೋ?"

ಗೆಳೆಯರು ಹೋಗಿ ಬಂದು ಗಂಗಾಜಲ ಕೊಟ್ಟರು. ಮಾಮಾ ಅದನ್ನು ಕಣ್ಣಿಗೊತ್ತಿಕೊಂಡು, "ನಿಮ್ಮ ಪುಣ್ಯೇ ಗಟ್ಟಿ ಇತ್ತು ಬಿಡ್ರಿ" ಎಂದರು.

ಒಂದೂ ಇಟ್ಟಂಗಿ ಉಳಿಯದ ಕಂಪನಿಯ ಹುಡುಕಾಟ ಅಲ್ಲಿಂದ ಶುರು. ಕೆಂಪು ಬಾಲದ್ದು ಬಂತು, ಇಟ್ಟಂಗಿ ಉಳಿಯಿತು. ನೀಲಿ ಬಾಲದ್ದು ಬಂತು, ಉಳಿಯಿತು. ಉಳಿದವೆಲ್ಲ ಹಳೇ ವಿಭೂತಿ ಡಬ್ಬಿಯಲ್ಲಿ, ಒಂದೊಂದು ಕಂಪನಿಯದು ಒಂದೊಂದು ಪೊಟ್ಟಣ!

ನಾನು ತಿಳಿಹೇಳಲು ಹೋದೆ. "ಮಾಮಾ, ಸಣ್ಣವು ಕಳದು ಹೋಗ್ತಾವಂತ ಅವರೇ ಹೆಚ್ಚಿಗಿ ಹಾಕಿರ್ತಾರ್ರಿ."

"ಯಾವ ವ್ಯಾಪಾರಸ್ಥ ಪುಕ್ಕಟ ಹೆಚ್ಚಿಗಿ ಕೊಡ್ತಾನ ಬೇ? ಇಷ್ಟು ವರ್ಸ ಬೆಲ್ಲ ಮಾರೀನಿ, ನಾ ಯಾರಿಗರ ಕೊಟ್ಟೀನೇನು? ಕಾನ್ವೆಂಟ್ ಸಾಲ್ಯಾಗ ನಿನಗ ಇಂಗ್ಲಿಷ್ ಕಲಿಸ್ಯಾರ, ವ್ಯಾಪಾರ ಕಲಿಸಿಲ್ಲ!"

ನಕ್ಕೆ. ಆದರೆ ಅಂಜಿಕೆಯೂ ನೆಗಡಿಯ ಹಾಗೆ ಹತ್ತಿಕೊಳ್ಳುತ್ತದೆ ನೋಡಿ! ಜಮಖಂಡಿಯ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವಾಗ ಆಕಾಶದಲ್ಲಿ ಸದ್ದಾದರೆ ಸಾಕು, ಅದರದ್ದು ಯಾವ ಇಟ್ಟಂಗಿ ಉಳಿದಿದೆಯೋ ಎಂದು ಎದೆ ಹಾರತೊಡಗಿತು.

ಅಂಥದ್ದರಲ್ಲಿ ಗುವಾಹಟಿಯಿಂದ ತಂಗಿಯ ಫೋನು ಬಂತು. ಚೊಚ್ಚಿಲ ಬಸಿರು. ರಕ್ತದೊತ್ತಡ ಏರಿದೆ, ತಡಮಾಡುವಂತಿಲ್ಲ, ನಾಡಿದ್ದೇ ಆಪರೇಷನ್ ಎಂದಿದ್ದಾರೆ ಡಾಕ್ಟರು. ಸೈನ್ಯದಲ್ಲಿರುವ ಗಂಡ ಗಡಿಯಲ್ಲಿ. "ಅಕ್ಕಾ, ನನಗ ಅಂಜಿಕಿ ಆಗಾಕತ್ತೇತಿ" ಎಂದಳು. ರೈಲು ಹಿಡಿದರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ವಿಮಾನವೇ ಗತಿ!

ಅವ್ವ ತೀರಿದ ಮೇಲೆ ನಮ್ಮಿಬ್ಬರಿಗೆ ಜಡೆ ಹಾಕುತ್ತಿದ್ದವರು ಮಾಮಾ. ಬೆಲ್ಲದ ಕೈ! ಕಾನ್ವೆಂಟಿನ ಸಿಸ್ಟರ್ ನನ್ನ ಜಡೆಯಿಂದ ಇರುವೆ ಆರಿಸಿ ಆರಿಸಿ ಸಾಕಾಗಿದ್ದರು. ಅಂಥ ಮಾಮಾಗೆ ವಿಮಾನ ಹತ್ತುತ್ತೇನೆಂದು ಹೇಗೆ ಹೇಳಲಿ? ಹೇಳಿದೆ.

"ಯಾವ ಕಂಪನಿ?" ಎಂದಷ್ಟೇ ಕೇಳಿದರು. ಹೇಳಿದೆ. ಆ ವಿಮಾನವನ್ನು ಇಳಿಸಿ, ಪೂರಾ ಬಿಚ್ಚಿ, ಗಿರಾಕಿಗಳನ್ನೂ ಲೆಕ್ಕಿಸದೆ ಮತ್ತೆ ಕಟ್ಟಿದರು. ಮತ್ತೆ ಉಳಿಯಿತು. ಇನ್ನೊಮ್ಮೆ ಬಿಚ್ಚಿದರು. ಇನ್ನೇನು "ಹೋಗಬ್ಯಾಡ" ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ.

ಬೆಳಗಾವಿಯ ನಿಲ್ದಾಣದ ಬಾಗಿಲತನಕ ಬಂದರು. ಮೊದಲು ಬೆಲ್ಲದ ಪೊಟ್ಟಣ ಕೊಟ್ಟರು: "ಬಾಣಂತಿಗೆ." ಆಮೇಲೆ ಗಂಟು ಹಾಕಿದ ಕರವಸ್ತ್ರ.

"ಆ ಕಂಪನೀದು ಉಳದದ್ದು. ಹಾದ್ಯಾಗ ಏನರ ಕಡಿಮಿ ಬಿತ್ತಂದ್ರ ಡ್ರೈವರಗ ಕೊಡು. ನಾಚಬ್ಯಾಡ!"

ತಪಾಸಣೆಯವಳು ಗಂಟು ಬಿಚ್ಚಿಸಿ ಇದೇನೆಂದು ಕೇಳಿದಳು. ವಿಮಾನದ ಬಿಡಿಭಾಗ ಎನ್ನುವ ಧೈರ್ಯ ಬರದೆ ಆಟಿಕೆ ಎಂದೆ. ಯಾಕೋ ಸುಳ್ಳು ಹೇಳಿದಂತೆನಿಸಿತು. ಮೇಲೆ ಮೋಡದಲ್ಲಿ ವಿಮಾನ ಗಡಗಡ ಅಲುಗಿದಾಗ, ನಂಬಿ ಬಿಡಿ, ಆ ಗಂಟನ್ನು ಎದೆಗವಚಿಕೊಂಡು ಕೂತೆ. ಪಕ್ಕದವರು ತಾಯಿತ ಅಂದುಕೊಂಡಿರಬೇಕು.

ಆಸ್ಪತ್ರೆಯಲ್ಲಿ ತಂಗಿಯ ಕೈ ತಣ್ಣಗಿತ್ತು. ಗಂಟು ಬಿಚ್ಚಿ ಕಥೆ ಹೇಳಿದೆ. "ಡ್ರೈವರಗ ಕೊಡು ಅಂದ್ರಾ?" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸ್ಟ್ರೆಚರ್ ಬರುವವರೆಗೂ ಆ ಇಟ್ಟಂಗಿ ಕಾಳುಗಳನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನ ಕೈಗಿತ್ತಾಗ ಬೆಚ್ಚಗಿದ್ದವು.

ಸಂಜೆ ಫೋನು ಹಚ್ಚಿದೆ. "ಮಾಮಾ, ಹೆಣ್ಣು ಕೂಸು. ಇಬ್ಬರೂ ಅರಾಮ ಅದಾರ್ರಿ."

ಆ ಕಡೆಯಿಂದ ಮಾಮಾ ಮೆಲ್ಲಗೆ ಕೇಳಿದರು, "ಬೇ... ಅವು ಬೇಕಾದ್ವೇನು?"

ಕರವಸ್ತ್ರದ ಗಂಟು ನನ್ನ ಮಡಿಲಲ್ಲೇ ಇತ್ತು.

"ಬೇಕಾದ್ವು ಮಾಮಾ," ಎಂದೆ. "ಒಂದೂ ಉಳೀಲಿಲ್ರಿ."