ಎಡಿಗೆ ಬಂದ ಪಾತರಗಿತ್ತಿ

ಶಿದ್ಲಿಂಗಪ್ಪ ಸಾಯುವ ಮುನ್ನ ಆಡಲು ಹೊರಟಿದ್ದ ಕೊನೆಯ ಮಾತು ಒಂದು ಪಾತರಗಿತ್ತಿಯಿಂದಾಗಿ ಅರ್ಧಕ್ಕೇ ನಿಂತಿತು. ಮಿಶ್ರಿಕೋಟಿಯ ತನ್ನ ಮನೆಯ ಪಡಸಾಲೆಯಲ್ಲಿ ಮಲಗಿದ್ದ ಅವನು ಅಕ್ಕನ ಮಗ ಯಲ್ಲೇಶನ ಕೈ ಹಿಡಿದು, “ನಮ್ಮ ಸುನೀತಾನ ಲಗ್ನದ ಮಾತ ಹೇಳಬೇಕಂತ ಮಾಡೇನಿ, ಕೇಳ ಇಲ್ಲೆ...” ಎಂದು ಉಸಿರು ಎಳೆದುಕೊಳ್ಳಲು ಮಾತು ನಿಲ್ಲಿಸಿದ. ಅದೇ ಹೊತ್ತಿಗೆ ಕಿಟಕಿಯ ಸರಳಿನ ಮೇಲೆ ನೀಲಿ ಹೊಳಪಿನದೊಂದು ಪಾತರಗಿತ್ತಿ ಬಂದು ಕೂತಿತು. “ಮಾವಾ, ಒಂದ ನಿಮಿಷ” ಎಂದು ಯಲ್ಲೇಶ ಮೊಬೈಲ್ ತೆಗೆದುಕೊಂಡು ಎದ್ದ. ಅದು ಹಿತ್ತಲಿಗೆ ಹಾರಿತು, ಇವನೂ ಹಿತ್ತಲಿಗೆ ಹೋದ. ತಿರುಗಿ ಬರುವಷ್ಟರಲ್ಲಿ ಮಾವ ಕಣ್ಣು ಮುಚ್ಚಿದ್ದ, ಮತ್ತೆ ತೆರೆಯಲಿಲ್ಲ. ಇಷ್ಟಾಗಿ ಫೋಟೋ ಕೂಡ ಸರಿಯಾಗಿ ಬಂದಿರಲಿಲ್ಲ.

ಯಲ್ಲೇಶನಿಗೆ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಹಗಲೆಲ್ಲ ಹುಳ ಸಾಯಿಸುವ ಎಣ್ಣೆ ಮಾರುವುದು. ಸಂಜೆಯಾದರೆ ಅದೇ ಅಂಗಡಿಯ ಬಲ್ಬಿಗೆ ಮುತ್ತುವ ಪತಂಗಗಳ ಫೋಟೋ ತೆಗೆದು, ಮೊಬೈಲಿನ ಗುಂಪಿಗೆ ಹಾಕಿ, ಇದರ ಹೆಸರೇನೆಂದು ಕೇಳುವುದು. ಮುಖ ಕಾಣದ ಯಾರೋ ಪಂಡಿತರು “ಹಿಂದಿನ ರೆಕ್ಕೆಯ ಅಡಿಭಾಗ ತೋರಿಸಿ” ಎಂದು ಬರೆದರೆ ಇವನು ಗೋಡೆಗೆ ಕೆನ್ನೆ ಹಚ್ಚಿ ಅದನ್ನೂ ತೆಗೆದು ಕಳಿಸುತ್ತಿದ್ದ. “ಕೊಲ್ಲೂದಕ್ಕ ಪಗಾರ, ಹೆಸರ ಇಡೂದು ಪುಕಟ” ಎಂದು ಮಾವ ಬದುಕಿದ್ದಾಗ ನಗುತ್ತಿದ್ದ.

ನಗಲಿ, ಅದೇನೂ ದೊಡ್ಡದಲ್ಲ. ಸುನೀತಾ ಎಂದರೆ ಯಲ್ಲೇಶನಿಗೆ ಜೀವ. ಮಾವನ ಮಗಳು, ಹಕ್ಕಿನ ಹುಡುಗಿ. ಆದರೆ ಇನ್ನೊಂದು ಕಡೆಯಿಂದಲೂ ಹಕ್ಕಿತ್ತು. ಅತ್ತೆ ಲಕ್ಷ್ಮವ್ವನ ಅಣ್ಣನ ಮಗ ಬೀರೇಶ ಕಲಘಟಗಿಯಲ್ಲಿ ಜೆಸಿಬಿ ಓಡಿಸುತ್ತಿದ್ದ. ಮಾವನ ಕುಣಿ ತೋಡಿದ್ದೂ ಅವನ ಜೆಸಿಬಿಯೇ. ಇಬ್ಬರು ಹಿಡಿಸುವಷ್ಟು ದೊಡ್ಡದಾಗಿ ತೋಡಿದ್ದಾನೆಂದು ಮಣ್ಣಿಗೆ ಬಂದವರೆಲ್ಲ ಅವನನ್ನು ಹೊಗಳಿ ಹೋಗಿದ್ದರು.

ಮೂರನೇ ದಿನ ಹಾಲು-ತುಪ್ಪ. ಸತ್ತವನಿಗೆ ಸೇರುತ್ತಿದ್ದ ತಿನಿಸನ್ನೆಲ್ಲ ಕುಣಿಯ ಮೇಲೆ ಎಡೆ ಇಟ್ಟು, ದೂರ ನಿಂತು ಕಾಗೆಯ ಹಾದಿ ನೋಡಬೇಕು. ಕಾಗೆ ಮುಟ್ಟಿದರೆ ಸತ್ತವನಿಗೆ ಸಮಾಧಾನವಾದಂತೆ. ಓಣಿಯಲ್ಲಿ ಯಾರು ಸತ್ತರೂ ಮನೆಯವರಿಗಿಂತ ಮುಂದೆ ನಿಲ್ಲುವ ಸಾವಿತ್ರೆವ್ವ ಅಂದು ಮುಂಜಾನೆ ಚಹಾ ಕುಡಿಯುತ್ತಲೇ ತೀರ್ಪು ಕೊಟ್ಟಳು.

“ಲಕ್ಷ್ಮವ್ವಾ, ನಿನ ಗಂಡ ಮಗಳ ಮಾತ ನುಂಗಿಕೊಂಡ ಹೋಗ್ಯಾನ. ಆವನ ಹೇಳ್ಲಿ. ಎರಡ ಎಡಿ ಇಡೂಣು. ಬಲಕ್ಕ ಯಲ್ಲೇಶಂದು, ಎಡಕ್ಕ ಬೀರೇಶಂದು. ಕಾಗಿ ಯಾವದಕ್ಕ ಬಾಯಿ ಹಾಕತೈತಿ, ಹುಡುಗಿ ಆ ಮನಿಗೆ.”

“ಹಂಗ ಆಗ್ಲಿ ಯಕ್ಕಾ” ಎಂದು ಲಕ್ಷ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುನೀತಾಳನ್ನು ಮಾತ್ರ ಯಾರೂ ಕೇಳಲಿಲ್ಲ. ಆಕೆ ಬಾಗಿಲ ಮರೆಯಿಂದ ಯಲ್ಲೇಶನನ್ನು ನೋಡಿದಳು. ಆ ನೋಟ ಕಂಡವರಿಗೆ ಕಾಗೆಯ ಅಗತ್ಯವೇ ಇರಲಿಲ್ಲ, ಆದರೆ ಕಂಡವನು ಯಲ್ಲೇಶ ಒಬ್ಬನೇ.

ಕಾಗೆ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಊರ ಕಾಗೆಗಳೆಲ್ಲ ಏನಾದವೆಂಬುದು ಎಣ್ಣೆ ಮಾರುವವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆದರೆ ಸುಡುಗಾಡಿನ ಬದಿಯ ಹುಣಸೆಮರದಲ್ಲಿ ಬ್ಲ್ಯಾಕ್ ರಾಜಾ ಇರುವುದೂ ಅವನಿಗೆ ಗೊತ್ತಿತ್ತು. ಕಪ್ಪು ರೆಕ್ಕೆ, ನಡುವೆ ಕೆನೆಬಣ್ಣದ ಪಟ್ಟೆ, ಹಿಂದಿನ ರೆಕ್ಕೆಗಳಿಗೆ ಎರಡೆರಡು ಸಣ್ಣ ಬಾಲ. ಹೂವಿನ ಕಡೆ ತಿರುಗಿಯೂ ನೋಡದ ಪಾತರಗಿತ್ತಿ ಅದು. ಕೊಳೆತ ಹಣ್ಣಿನ ರಸ, ದಾರೂ, ಸಗಣಿ ಎಂದರೆ ಎಲ್ಲಿದ್ದರೂ ಓಡಿ ಬರುತ್ತದೆ. ಯಲ್ಲೇಶ ಕಪ್ಪಾದ ಬಾಳೆಹಣ್ಣು ಕಿವುಚಿ, ಬೆಲ್ಲ ಹಾಕಿ, ಮಾವನ ಹಾಸಿಗೆಯ ಕೆಳಗೆ ಉಳಿದಿದ್ದ ದಾರೂ ಸುರಿದು ಕಲಸಿದ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಗಂಟು ಹಾಕಿ ಅಂಗಿಯೊಳಗೆ ಸೇರಿಸಿಕೊಂಡ. ಎಡೆ ಇಡುವ ಗದ್ದಲದಲ್ಲಿ ಬಲಗಡೆಯ ಎಲೆಗೆ ಒಂದು ಬೆರಳು ಸವರಿದರೆ ಮುಗಿಯಿತು.

ಸುಡುಗಾಡಿನ ಬಾಯಿಯಲ್ಲೇ ಬುಡನಸಾಬ ಸಿಕ್ಕ. ಮಾವನೊಂದಿಗೆ ಆಯುಷ್ಯವೆಲ್ಲ ಕುರಿಸಂತೆ ತಿರುಗಿದ ಮುದುಕ, ಪೈಲ್ವಾನನ ಮೈಕಟ್ಟು.

“ಹೋಗಿಬಿಟ್ಟನಲ್ಲೋ ಬೇಟಾ ನಿನ ಮಾವ!” ಎಂದು ಬುಡನಸಾಬ ಯಲ್ಲೇಶನನ್ನು ಎರಡೂ ಕೈಯಿಂದ ಬಾಚಿ ಎದೆಗೆ ಅವುಚಿಕೊಂಡ. ಅಂಗಿಯೊಳಗೆ ಟಪ್ ಎಂದಿತು. ಹೊಟ್ಟೆಯವರೆಗೂ ತಣ್ಣಗೆ ಇಳಿಯಿತು. ಮುದುಕ ಬಿಡಲೊಲ್ಲ. “ನಿನಗ ಒಂದ ಮಾತ ಹೇಳೂದೈತಿ ನೋಡ, ಅಗದಿ ಕೆಲಸದ ಮಾತು...”

“ಆಮ್ಯಾಲ ಕಾಕಾ, ಆಮ್ಯಾಲ!” ಎಂದು ಯಲ್ಲೇಶ ಕೊಸರಿಕೊಂಡು ಓಡಿದ. ಹುಣಸೆಮರದ ಹಿಂದೆ ನಿಂತು ನೋಡಿದರೆ ಚೀಲದಲ್ಲಿ ಹನಿಯೂ ಉಳಿದಿರಲಿಲ್ಲ, ಎಲ್ಲ ಅಂಗಿ ಕುಡಿದಿತ್ತು. ಹೆಗಲ ಟವಲನ್ನು ಎದೆಗೆ ಹೊದ್ದುಕೊಂಡು ಬರುವ ಹೊತ್ತಿಗೆ ಎರಡೂ ಎಡೆ ಇಟ್ಟು ಮುಗಿದಿತ್ತು. ಹತ್ತಿರ ಹೋಗಲು ನೋಡಿದರೆ ಸಾವಿತ್ರೆವ್ವ ರಟ್ಟೆ ಹಿಡಿದು ಎಳೆದಳು. “ಹಿಂದಕ್ಕ ಸರೀಲೇ! ಮನಷಾರ ನೆರಳ ಬಿದ್ರ ಕಾಗಿ ಬರೂದಿಲ್ಲ.”

ಹಿಂದೆ ಸರಿದರೂ ಕಾಗೆ ಬರಲಿಲ್ಲ. ಬಿಸಿಲು ಏರಿತು. ಮಿರ್ಚಿ ಬಜ್ಜಿ ಆರಿತು, ಮಟನ್ನಿಗೆ ನೊಣ ಮುತ್ತಿದವು. ಬೀರೇಶ ಎಡಗಡೆಯ ಎಲೆಯತ್ತ ಕೈ ತೋರಿಸಿ “ಕಾವ್, ಕಾವ್” ಎಂದು ಗಂಟಲು ಹರಿಯುವಂತೆ ಕೂಗಿದ. ಯಾರೋ ಆಕಳನ್ನು ತರೋಣ ಎಂದರು.

“ಆಕಳ ಎರಡೂ ತಿಂತೈತಿ. ಅದರ ಮಾತ ಹ್ಯಾಂಗ ನಂಬೂದು?” ಎಂದಳು ಸಾವಿತ್ರೆವ್ವ.

ಯಲ್ಲೇಶನಿಗೆ ಇದೇ ಬೇಕಾಗಿತ್ತು. “ಕಾಗೀನ ಆಗಬೇಕಂತ ಎಲ್ಲೈತಿ ಆಯಿ? ರೆಕ್ಕಿ ಇದ್ದದ್ದ ಯಾವ ಜೀವ ಬಂದ್ರೂ ಮಾವನ ಅಂತ ತಿಳೀಬೇಕು.”

“ಅದೂ ಖರೇನ” ಎಂದರು ಕಾದು ಸಾಕಾಗಿ ಹಸಿದಿದ್ದ ಮಂದಿ.

ಆಗ ಅದು ಹುಣಸೆಮರದಿಂದ ಇಳಿಯಿತು. ಕಪ್ಪು ರೆಕ್ಕೆ, ಕೆನೆಪಟ್ಟೆ, ಬ್ಲ್ಯಾಕ್ ರಾಜಾ! ಸುಂಯ್ಯೆಂದು ಬಂದು ಬೀರೇಶನ ಎಲೆಯ ಮೇಲೊಂದು ಸುತ್ತು ಹಾಕಿ ಮುಂದೆ ಹೋಯಿತು. ಬಲಗಡೆಯ ಎಲೆಯ ಮೇಲೆ ತೇಲಿ ನಿಂತಿತು. ಯಲ್ಲೇಶನ ದರಿದ್ರ ಕೈ ತನ್ನಷ್ಟಕ್ಕೆ ತಾನೇ ಮೊಬೈಲಿಗೆ ಹೋಯಿತು. ಫೋಟೋ ತೆಗೆಯಲು ಕೈಯೆತ್ತಿದಾಗ ಎದೆಯ ಟವಲು ಜಾರಿ ಕೆಳಗೆ ಬಿತ್ತು. ರಾಜಾ ಎಲೆಯನ್ನು ಬಿಟ್ಟು ನೇರವಾಗಿ ಬಂದು ಅವನ ಎದೆಯ ಮೇಲೆ ಕೂತು, ಸೊಂಡಿಲು ಚಾಚಿ ಹೀರತೊಡಗಿತು.

“ಬಂದ್ಯಾ ನನ್ನಪ್ಪಾ!” ಲಕ್ಷ್ಮವ್ವ ಓಡಿ ಬಂದು ಯಲ್ಲೇಶನ ಕಾಲಿಗೆ ಬಿದ್ದಳು. ಎದ್ದವಳು ಅವನ ಅಂಗಿ ಮೂಸಿ ಮತ್ತೆ ಅತ್ತಳು. “ಅದ ವಾಸನಿ! ನನ್ನ ಗಂಡನ ವಾಸನೀನ ಇದು! ಹೇಳು, ಮಗಳನ್ನ ಯಾರಿಗೆ ಕೊಡಲಿ? ಬಾಯಿಬಿಟ್ಟ ಹೇಳು.”

ತಾನಾಗಿ ಬಂದದ್ದನ್ನು ಯಾರು ಬಿಡುತ್ತಾರೆ? ಯಲ್ಲೇಶ ಮಾವನಂತೆಯೇ ಕೆಮ್ಮಿದ. ಮಾವನ ದಪ್ಪ ದನಿ ತೆಗೆದು, “ಯಲ್ಲೇಶಗ ಕೊಡ್ರಿ! ಇದ ನನ್ನ ಮಾತು!” ಎಂದು ಗುಡುಗಿದ.

“ಅದ ಕೆಮ್ಮು, ಅದ ದನಿ!” ಎಂದು ಮಂದಿಯೆಲ್ಲ ಕೈ ಮುಗಿಯಿತು. ಬೀರೇಶನ ಮೋರೆ ಕಪ್ಪಿಟ್ಟಿತು. ಯಲ್ಲೇಶನಿಗೆ ಮಾತ್ರ ಎದೆಯ ಮೇಲಿನ ರಾಜಾನಿಗೆ ಮುತ್ತು ಕೊಡಬೇಕೆನಿಸಿತು.

ಸಾವಿತ್ರೆವ್ವ ಗಲ್ಲದ ಮೇಲೆ ಬೆರಳಿಟ್ಟು ಯೋಚನೆಗೆ ಬಿದ್ದಿದ್ದಳು. “ಎಲ್ಲಾ ಖರೆ. ಆದ್ರ ಯಲ್ಲೇಶ ಎಲ್ಲಿದಾನ ಈಗ? ಆ ಮೈಯಾಗ ಶಿದ್ಲಿಂಗಪ್ಪ ಬಂದ ಕುಂತಾನ. ಮಗಳನ್ನ ತಂದಿಗೇ ಕೊಡ್ತೀರೇನು? ಶಿವ ಶಿವಾ!”

ಮಂದಿ ಕಿವಿ ಮುಟ್ಟಿಕೊಂಡರು.

“ಬಂದ ಹೋದಾ, ಈಗಿಲ್ಲ!” ಯಲ್ಲೇಶ ತನ್ನ ದನಿಯಲ್ಲಿ ಕಿರುಚಿದ. “ನೋಡ್ರಿ, ನಾನ ಮಾತಾಡಾಕತ್ತೇನಿ!” ರಾಜಾನನ್ನು ಓಡಿಸಲು ಕೈ ಎತ್ತಿದರೆ ಎಲ್ಲರೂ ಆ ಕೈಯನ್ನೇ ಹಿಡಿದರು. “ಮಾವನ್ನ ಹೊಡೀತಿಯೇನಲೇ?” ಹುಳ ಹಾಯಾಗಿ ಹೀರುತ್ತಲೇ ಇತ್ತು.

“ಅಯ್ಯೋ, ಇದು ಹುಳಾರಿ! ಕೊಳತ ಬಾಳಿಹಣ್ಣು, ದಾರೂ ವಾಸನಿಗೆ ಬಂದೈತಿ!”

“ದಾರೂ?” ಬೀರೇಶ ತೋಳೇರಿಸಿ ಮುಂದೆ ಬಂದ. “ಎಡಿಗೆ ಹಚ್ಚಾಕ ತಂದಿದ್ದೆ ಏನು? ಸತ್ತಾಂವಗೂ ಮೋಸಾ? ಕುಣಿ ಇಬ್ಬರಿಗೆ ಹಿಡಸೂವಷ್ಟ ತೋಡೇನಿ, ನೆನಪೈತಿಲ್ಲೋ?”

ಯಲ್ಲೇಶ ಕುಣಿಯನ್ನೊಮ್ಮೆ ನೋಡಿದ. ಆಮೇಲೆ ಮತ್ತೆ ಮಾವನಂತೆ ಕೆಮ್ಮಿದ.

“ಧಾರಿ ಎರಿಯಾಕ ನನ್ನ ಗಂಡ ಇಲ್ಲಲ್ಲಾ ಅಂತ ಎದಿ ಒಡಕೊಂಡಿದ್ದೆ” ಎಂದಳು ಲಕ್ಷ್ಮವ್ವ, ಅಳುವಿನಲ್ಲೇ ಮುಖ ಅರಳಿಸಿ. “ಬಂದಿ ನೋಡು. ಇನ್ನ ನೀನ ತಂದಿ. ನಿನ್ನ ಕೈಲೇನ ಮಗಳನ್ನ ಬೀರೇಶಗ ಧಾರಿ ಎರದ ಕೊಡು. ಆ ಹುಳದ ಫೋಟೋ ಗಿಟೋ ಬಿಟ್ಟಬಿಡು, ನಿನಗ ಅದು ಎಂದೂ ಸೇರತಿದ್ದಿಲ್ಲ.”

ಮಂದಿ ಊಟದ ಆತುರದಲ್ಲಿ ಮನೆಯತ್ತ ತಿರುಗಿತು. ಬುಡನಸಾಬ ಹತ್ತಿರ ಬಂದು ಕಿವಿಯಲ್ಲಿ ಪಿಸುಗುಟ್ಟಿದ. “ನಾ ಹೇಳೂದೈತಿ ಅಂದಿದ್ದೆ ನೋಡು, ಇದ ಮಾತು. ಮಗಳನ್ನ ಯಲ್ಲೇಶಗ ಕೊಡತೇನಿ ಅಂತ ನಿನ ಮಾವ ನನ್ನ ಮುಂದ ಆಣಿ ಮಾಡಿ ಹೇಳಿದ್ದ. ಕಾಗಿ ಬರಲಿಲ್ಲಂದ್ರ ಎಲ್ಲಾರ ಮುಂದ ಹೇಳಬೇಕಂತಿದ್ದೆ. ನೀ ಕೇಳಾಕ ನಿಂದರಲಿಲ್ಲ.”

“ಈಗರ ಹೇಳ ಕಾಕಾ, ನಿನ್ನ ಕಾಲಿಗೆ ಬೀಳತೇನಿ!”

“ಈಗೇನ ಹೇಳಲಿ ಬೇಟಾ? ಆವನ ಖುದ್ದ ಬಂದ ಹೇಳಿದ್ದು ನಡೀಲಿಲ್ಲ. ನನ್ನ ಮಾತ ಯಾರ ಕೇಳತಾರ?”

ಹೊಟ್ಟೆ ತುಂಬಿದ ರಾಜಾ ರೆಕ್ಕೆ ಬಿಚ್ಚಿ ಹುಣಸೆಮರಕ್ಕೆ ಹಾರಿತು. ಯಲ್ಲೇಶ ತಲೆ ಎತ್ತಿ ನೋಡಲಿಲ್ಲ. ಎಲ್ಲರಿಗಿಂತ ಹಿಂದೆ ಉಳಿದಿದ್ದ ಸುನೀತಾ ಬಂದು ಅವನ ಪಾದಕ್ಕೆ ಹಣೆ ಹಚ್ಚಿದಳು. ಪಾದ ಒದ್ದೆಯಾಯಿತು.

“ಯಪ್ಪಾ” ಎಂದಳು, ಹೋಗುತ್ತಿದ್ದವರಿಗೆ ಕೇಳುವಂತೆ. ಆಮೇಲೆ ಅವನಿಗೊಬ್ಬನಿಗೇ ಕೇಳುವಂತೆ, “ಆವತ್ತ ಒಂದ ನಿಮಿಷ ಕುಂತಿದ್ರ ನಿನಗ ಏನಾಗತಿತ್ತೋ?” ಎಂದಳು.