ಅಣಬೆ ಒಣಗಿದ ಶನಿವಾರ

ಎಲ್ಲ ರಗಳೆಗೂ ಮೂಲ ಆ ವಾಸನೆ. ಒಣಗಿಸುವ ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಉಳಿದದ್ದೆಲ್ಲ ಬರೆದಿತ್ತು. ಸೇಬನ್ನು ಎಷ್ಟು ದಪ್ಪ ಹೆಚ್ಚಬೇಕು, ತಟ್ಟೆಗಳನ್ನು ಯಾವಾಗ ಮೇಲೆ ಕೆಳಗೆ ಮಾಡಬೇಕು, ಬಾಳೆಹಣ್ಣು ಜಾಲರಿಗೆ ಅಂಟಿಕೊಂಡರೆ ಹೇಗೆ ಬಿಡಿಸಬೇಕು, ಎಲ್ಲ. ಆದರೆ ಅಣಬೆ ಒಣಹಾಕಿದರೆ ಅದರ ಘಮ ಬಾಗಿಲ ಸಂದಿಯಿಂದ ನುಸುಳಿ, ಮೆಟ್ಟಿಲಿಳಿದು, ಇಡೀ ಕಟ್ಟಡದ ಒಂದೊಂದು ಮನೆಗೂ ಸುದ್ದಿ ಮುಟ್ಟಿಸಿ ಬರುತ್ತದೆ ಎಂಬ ಒಂದೇ ಒಂದು ಮಾತನ್ನು ಪುಣ್ಯಾತ್ಮರು ಬರೆದಿರಲಿಲ್ಲ.

ಲುಬೋಮೀರ್ ಹಾವೆಲ್ಕಾ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿ ತೂಗಿ ನಿವೃತ್ತನಾದವನು. ಒಳ್ಳೆಯ ಮನುಷ್ಯ. ಅವನಿಗಿದ್ದ ದೋಷ ಒಂದೇ, ಅವನ ಕಣ್ಣಿಗೆ ಅಣಬೆ ಬೀಳುತ್ತಿರಲಿಲ್ಲ. ನಮ್ಮ ಸಾಝಾವಾ ನದಿಯ ದಂಡೆಯಲ್ಲಿ ಇದು ಸಣ್ಣ ದೋಷವಲ್ಲ. ಸೆಪ್ಟೆಂಬರ್ ಬಂತೆಂದರೆ ಇಲ್ಲಿ ಡಾಕ್ಟರಿಂದ ಪಾದ್ರಿಯವರೆಗೆ ಎಲ್ಲರೂ ಬುಟ್ಟಿ ಹಿಡಿದು ಮೊದಲ ರೈಲಿಗೆ ಕಾಡಿಗೆ ಹೋಗುತ್ತಾರೆ, ತುಂಬಿದ ಬುಟ್ಟಿಯ ಮೇಲೆ ಜರೀಗಿಡದ ಸೊಪ್ಪು ಮುಚ್ಚಿಕೊಂಡು ಬರುತ್ತಾರೆ. ಹಾವೆಲ್ಕಾ ಬರೀ ಸೊಪ್ಪು ತರುತ್ತಿದ್ದ.

ಇದನ್ನೆಲ್ಲ ಅವನು ಹೇಗೋ ನುಂಗಿಕೊಂಡಿದ್ದ. ಆದರೆ ಈ ಸಲ ಅತ್ತೆಯ ಮಾತು ನಡುವೆ ಬಂದಿತ್ತು. ಅತ್ತೆ ಫ್ರಾಂತಿಷ್ಕಾ ಎಂದರೆ ಈ ಸೀಮೆಯ ಅಣಬೆ ಮಹಾರಾಣಿ. ಆಕೆಗೆ ಒಂದು ಜಾಗವಿತ್ತು. ಎಂಥ ಒಣ ಬೇಸಿಗೆ ಕಳೆದಿರಲಿ, ಆಕೆ ಅಲ್ಲಿಂದ ಕಂದು ಟೋಪಿಯ ದಪ್ಪ ದಪ್ಪ ಹ್ರಿಬ್ ಅಣಬೆಗಳನ್ನು ಬುಟ್ಟಿಗಟ್ಟಲೆ ತರುತ್ತಿದ್ದಳು. ಜಾಗ ಎಲ್ಲಿದೆ ಎಂದು ಗಂಡನಿಗೆ ಸಾಯುವತನಕ ಹೇಳಲಿಲ್ಲ, ಹೆತ್ತ ಮಗಳು, ಹಾವೆಲ್ಕಾನ ಹೆಂಡತಿ ಲಿಬುಷೆಗೂ ಹೇಳಲಿಲ್ಲ. ಅದರಲ್ಲಿ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಮನುಷ್ಯ ಬ್ಯಾಂಕಿನ ಗುಟ್ಟು ಬೇಕಾದರೂ ಹೇಳಿಯಾನು, ಅಣಬೆಯ ಜಾಗ ಹೇಳಲಾರ. ಈಗ ಸೋಮವಾರ ಆಕೆಗೆ ಸೊಂಟದ ಆಪರೇಷನ್. ಇನ್ನು ಕಾಡು ಸುತ್ತುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ನೋಡು ಲುಬೋಷ್," ಎಂದಿದ್ದಳು ಅತ್ತೆ ಅಳಿಯನಿಗೆ, "ಶನಿವಾರ ಸಂಜೆ ಬರ್ತೀನಿ. ನೀನೇ ಕಿತ್ತು ನೀನೇ ಒಣಗಿಸಿದ ಹ್ರಿಬ್ ಒಂದು ಭರಣಿ ತೋರ್ಸು. ಕೀಳೋದು ಯಾರಾದ್ರೂ ಕೀಳ್ತಾರೆ, ಒಣಗ್ಸೋದ್ರಲ್ಲಿ ಅರ್ಧ ಜನ ಹಾಳ್ಮಾಡ್ತಾರೆ. ಎರಡೂ ಬರತ್ತೆ ಅಂತಾದ್ರೆ ನನ್ನ ಜಾಗ ನಿಂಗೆ. ಇಲ್ದಿದ್ರೆ ಅದು ನನ್ನ ಜೊತೇನೇ ಮಣ್ಣಿಗೆ ಹೋಗ್ಲಿ."

ಆ ಜಾಗ ಹೇಗಿರಬಹುದು? ಇಳಿಜಾರೋ, ಬಯಲೋ, ಹಳ್ಳದ ಪಕ್ಕವೋ? ಮದುವೆಯಾದಂದಿನಿಂದ ಹಾವೆಲ್ಕಾನನ್ನು ಕೊರೆಯುತ್ತಿದ್ದ ಕುತೂಹಲ ಅದೊಂದೇ. ಅದು ತನ್ನದಾಗಿಬಿಟ್ಟರೆ ಈ ಕಟ್ಟಡದಲ್ಲಿ ಇನ್ನು ಯಾರ ಬಾಯಿಗೂ ಹೆದರಬೇಕಾಗಿರಲಿಲ್ಲ.

ಶನಿವಾರ ಮೊದಲ ರೈಲಿಗೆ ಹೋದ. ಅಂದು ದೇವರಿಗೇ ಅವನ ಮೇಲೆ ಕನಿಕರ ಬಂದಿರಬೇಕು. ಶೂ ಲೇಸು ಬಿಚ್ಚಿತೆಂದು ಬಗ್ಗಿದವನಿಗೆ ಮೂಗಿನ ಮುಂದೆಯೇ ಒಂದು ಹ್ರಿಬ್ ಕಂಡಿತು. ಅದರ ಹಿಂದೆ ಇನ್ನೊಂದು. ಮರದ ಸುತ್ತ ಒಂದು ಸಂಸಾರವೇ ಕೂತಿತ್ತು. ಹಾವೆಲ್ಕಾ ಅಲ್ಲೇ ಮಂಡಿಯೂರಿ ಗಳಗಳನೆ ಅತ್ತುಬಿಟ್ಟ.

ಮನೆಗೆ ಬಂದವನೇ ಹೆಂಡತಿಯ ಕಿವಿಯಲ್ಲಿ ಜಾಗ ಉಸುರಿದ. ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಅದು ಒಡೆದೇ ಹೋಗುತ್ತಿತ್ತು.

"ಯಾರಿಗೂ ಹೇಳ್ಬೇಡ ಲಿಬುಷೆ."

"ನಂಗ್ಯಾಕಪ್ಪ ನಿನ್ನ ಕಾಡಿನ ಗುಟ್ಟು! ಮೊದ್ಲು ನನ್ನ ಸೇಬನ್ನ ಯಾಕೆ ಹೊರಗೆ ತೆಗೀತಿದ್ಯ ಹೇಳು."

ಮಷೀನು ಲಿಬುಷೆಯದು, ಸೇಬು ಒಣಗಿಸಲೆಂದು ಕೊಂಡದ್ದು. ದುಂಡಗೆ, ಒಂದರ ಮೇಲೊಂದು ತಟ್ಟೆ ಪೇರಿಸಿಕೊಂಡು, ಅಡುಗೆಮನೆಯ ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಅರೆಬರೆ ಒಣಗಿದ ಸೇಬಿನ ಹೋಳುಗಳನ್ನು ಹಾವೆಲ್ಕಾ ಸಾರಿನ ತಟ್ಟೆಗೆ ಸುರಿದು, ಅಣಬೆಗಳನ್ನು ಬ್ರಷ್‌ನಿಂದ ಒರೆಸಿ, ಉಸಿರು ಬಿಗಿಹಿಡಿದು ತೆಳ್ಳಗೆ ಹೆಚ್ಚಿ, ಒಂದಕ್ಕೊಂದು ತಾಗದಂತೆ ಜೋಡಿಸಿದ. ಮುಚ್ಚಳ ಹಾಕಿದ. ಆಮೇಲೆ ತಡೆಯಲಾಗದೆ ಮುಚ್ಚಳ ತೆಗೆದು ನೋಡಿದ.

"ಒಲೆ ಮೇಲಿನ ಹಾಲಾ ಅದು, ಉಕ್ಕೋದಕ್ಕೆ? ಸುಮ್ನೆ ಬಿಡು," ಎಂದಳು ಲಿಬುಷೆ.

ಸುಮ್ಮನೆ ಬಿಡಲು ಅವನ ಕೈಲಾಗಲಿಲ್ಲ. ಒದ್ದೆ ಹೋಳುಗಳು ಅಂಚಿನಿಂದ ಮುದುರುತ್ತಾ, ಬಿಳಿ ಹೋಗಿ ಬೆಣ್ಣೆ ಬಣ್ಣಕ್ಕೆ ತಿರುಗುತ್ತಾ ಬರುವುದನ್ನು ಅವನು ಮಗುವಿನ ಹಾಗೆ ಕುಕ್ಕರಗಾಲಲ್ಲಿ ಕೂತು ನೋಡಿದ. ಅಷ್ಟು ಹೊತ್ತಿಗೆ ಘಮ ಮನೆ ತುಂಬಿ ಹೊರಟಿತ್ತು.

ಬಾಗಿಲ ಗಂಟೆ ಹೊಡೆದುಕೊಂಡಿತು. ನೆಲಮಹಡಿಯ ಕುಚೆರೋವಾ ಅಮ್ಮನವರು. ವಿಧವೆ, ಯಾರೂ ನೇಮಿಸದಿದ್ದರೂ ಕಟ್ಟಡದ ಮೇಲ್ವಿಚಾರಕಿ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಆಕೆಗೆ ಗೊತ್ತಾಗದೆ ಇರುತ್ತಿರಲಿಲ್ಲ.

"ನಲ್ಲಿ ಸೋರ್ತಿದ್ಯಾ ಅಂತ ನೋಡೋಕೆ ಬಂದೆ ಹಾವೆಲ್ಕಾ ಅವ್ರೇ," ಎಂದರು, ಮೂಗರಳಿಸುತ್ತಾ.

"ಇಲ್ವಲ್ಲಾ ಅಮ್ನೋರೇ."

"ಏನೋ ಸುಟ್ಟ ವಾಸ್ನೆ."

"ಸೇಬು. ಲಿಬುಷೆ ಸೇಬು ಒಣಗಿಸ್ತಿದಾಳೆ."

"ಹೌದಾ! ಇದ್ಯಾವ ಜಾತಿ ಸೇಬು, ನಮ್ಮಜ್ಜಿ ಮನೆ ಅಟ್ಟದಲ್ಲಿ ಒಣಗೋಕೆ ನೇತುಹಾಕಿದ ಹ್ರಿಬ್ ಸರ ನೆನಪಾಗೋ ಹಂಗೆ ಘಮ ಅಂತಿದ್ಯಲ್ಲ!"

ಅಷ್ಟರಲ್ಲಿ ಎರಡನೇ ಮಹಡಿಯ ಇಂಜಿನಿಯರ್ ಸ್ಲಾಮಾ ಸಾಹೇಬರೂ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಕಾರ್ಕ್ ತೆಗೆಯುವ ತಿರುಪು ಬೇಕಾಗಿತ್ತಂತೆ. ಕೈಯಲ್ಲಿ ಬಾಟಲಿ ಮಾತ್ರ ಇರಲಿಲ್ಲ. ಇಬ್ಬರೂ ಹಾವೆಲ್ಕಾನನ್ನು ಎಡಬಲಕ್ಕೆ ಸರಿಸಿ ಅಡುಗೆಮನೆಗೆ ನುಗ್ಗಿದರು.

"ಅಯ್ಯೋ ದೇವರೇ!" ಎಂದು ಕುಚೆರೋವಾ ಎದೆ ಮೇಲೆ ಕೈಯಿಟ್ಟುಕೊಂಡರು. "ಅಣಬೆ! ಅದೂ ನಿಮ್ಮನೇಲಿ! ಯಾವ ಅಂಗ್ಡೀಲಿ ಕೊಂಡ್ರಿ?"

"ಅಂಗಡೀನಾ?" ಹಾವೆಲ್ಕಾನ ಮುಖ ಕೆಂಪೇರಿತು. "ನಾನೇ ಕಿತ್ತಿದ್ದು! ನನ್ನ ಕೈಯಾರೆ!"

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ. ಇಂಜಿನಿಯರ್ ಸಾಹೇಬರ ಕಣ್ಣು ಆಗಲೇ ಬೇರೆ ಕಡೆ ಹೊರಳಿತ್ತು. ಅವರು ಮೊದಲು ಮಷೀನಿನ ತಿರುಗುಣಿ ಬಗ್ಗೆ ಒಂದು ಭಾಷಣ ಕೊಟ್ಟರು.

"ಐವತ್ತು ಡಿಗ್ರಿ ದಾಟಿಸ್ಬೇಡಿ, ಬೆಂದು ಹೋಗತ್ತೆ. ತಟ್ಟೆ ತಿರುಗಿಸ್ತಿದೀರಾ? ಬಗ್ಗೋದಲ್ಲ, ಪಟ್ ಅಂತ ಮುರೀಬೇಕು, ಆಗ ಒಣಗಿದೆ ಅಂತ." ಹೇಳುತ್ತಲೇ ಬಾಗಿಲ ಬಳಿ ಹೋಗಿ, ಹಾವೆಲ್ಕಾನ ಬೂಟನ್ನು ಎತ್ತಿ, ಅಡಿಭಾಗವನ್ನು ಬೆಳಕಿಗೆ ಹಿಡಿದರು. "ಹ್ಞೂಂ. ಹಳದಿ ಮರಳು."

"ಬೂಟು ಕೆಳಗಿಡಿ ಇಂಜಿನಿಯರ್ ಸಾಹೇಬ್ರೇ."

"ಓಕ್ ಮರದ ಎಲೆ ಚೂರು ಬೇರೆ ಅಂಟಿದೆ. ಹಳದಿ ಮರಳು, ಓಕ್ ಮರ. ಕುಚೆರೋವಾ ಅಮ್ನೋರೇ, ಇವ್ರು ಬೆಳಗ್ಗೆ ಬಂದಿದ್ದು ಯಾವ ರೈಲಿಗೆ?"

"ಒಂಬತ್ತರ ಲೋಕಲ್ಲು," ಎಂದರು ಕುಚೆರೋವಾ, ಕೇಳುವುದನ್ನೇ ಕಾಯುತ್ತಿದ್ದವರಂತೆ. "ಮೇಲ್ಗಡೆಯಿಂದ ಬರೋದು."

"ಹಾಗಾದ್ರೆ ಸ್ಟೇಷನ್ ಮೂರೇ ಮೂರು. ಅದ್ರಲ್ಲಿ ಹಳದಿ ಮರಳಿರೋದು..."

ಹಾವೆಲ್ಕಾ ಬೂಟನ್ನು ಅವರ ಕೈಯಿಂದ ಕಿತ್ತುಕೊಂಡ. ಇನ್ನೊಂದು ನಿಮಿಷ ಬಿಟ್ಟರೆ ಈ ಮನುಷ್ಯ ಮರದ ಬುಡಕ್ಕೇ ಬೆರಳಿಡುವುದು ಗ್ಯಾರಂಟಿ. ಏನಾದರೊಂದು ಸುಳ್ಳು ಹೇಳಬೇಕು. ಅಣಬೆಯ ನಾಮಗಂಧವೂ ಇಲ್ಲದ ಜಾಗ ಯಾವುದು? ಆ ಸಂಕಟದಲ್ಲಿ ಅವನಿಗೆ ನೆನಪಾದದ್ದು ಅತ್ತೆಯ ಮಾತೇ. ಊರಂಚಿನಲ್ಲಿ ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಯೊಂದಿತ್ತು. ಅದರ ಹಿಂದೆ ಬರ್ಚ್ ಮರಗಳ ಒಂದು ಮೆಳೆ. ಆ ದಾರಿಯಲ್ಲಿ ಹೋದಾಗಲೆಲ್ಲ ಅತ್ತೆ ಅವನ ತೋಳು ಹಿಡಿದೆಳೆದು, "ಅಲ್ಲಿಗೆ ಕಾಲಿಡ್ಬೇಡಪ್ಪ. ತುರಿಕೆ ಗಿಡ, ಉಣುಗು ಬಿಟ್ರೆ ಏನೂ ಇಲ್ಲ. ಟೈಮ್ ದಂಡ," ಎನ್ನುತ್ತಿದ್ದಳು. ಅಣಬೆ ಮಹಾರಾಣಿಯೇ ಇಲ್ಲ ಎಂದ ಮೇಲೆ ಇನ್ನೇನು?

"ಆಯ್ತು, ಹೇಳ್ತೀನಿ," ಎಂದು ಅವನು ದೊಡ್ಡ ನಿಟ್ಟುಸಿರುಬಿಟ್ಟ. "ನಿಮ್ಮ ಹತ್ರ ಏನು ಮುಚ್ಚುಮರೆ. ಹಳೇ ಇಟ್ಟಿಗೆ ಕಾರ್ಖಾನೆ ಹಿಂದೆ, ಬರ್ಚ್ ಮೆಳೇಲಿ. ಮರಳು, ಓಕ್ ಎಲೆ ಎಲ್ಲ ಅಲ್ಲೀದೇ. ರೈಲು ಹತ್ತಿದ್ದು ಬರೀ ನಿಮ್ಮ ಕಣ್ಣು ತಪ್ಸೋಕೆ. ಯಾರಿಗೂ ಹೇಳ್ಬೇಡಿ ಮತ್ತೆ."

"ಛೆ ಛೆ, ನಾವು ಯಾರಿಗೆ ಹೇಳ್ತೀವಿ!" ಎಂದರು ಇಬ್ಬರೂ ಒಟ್ಟಿಗೆ. ತಿರುಪನ್ನೂ ಮರೆತು, ನಲ್ಲಿಯನ್ನೂ ಮರೆತು, ಧಡಧಡನೆ ಇಳಿದುಹೋದರು. ಕಿಟಕಿಯಿಂದ ಇಣುಕಿದ ಹಾವೆಲ್ಕಾನಿಗೆ ಇಂಜಿನಿಯರ್ ಸಾಹೇಬರು ಸೈಕಲ್ಲಿಗೆ ಬುಟ್ಟಿ ಕಟ್ಟುವುದು ಕಂಡಿತು. ಅವರ ಹಿಂದೆ ಕುಚೆರೋವಾ, ಅವರ ತಂಗಿ, ತಂಗಿಯ ಗಂಡ, ಪಕ್ಕದ ಕಟ್ಟಡದ ಯಾರೋ ಇಬ್ಬರು. ಎಲ್ಲರ ಕೈಯಲ್ಲೂ ಬುಟ್ಟಿ.

"ಪಾಪ ಕಣೋ, ತುರಿಕೆ ಗಿಡದಲ್ಲಿ ಒದ್ದಾಡ್ತಾರೆ," ಎಂದಳು ಲಿಬುಷೆ.

"ಒದ್ದಾಡ್ಲಿ! ಇಷ್ಟು ವರ್ಷ ನನ್ನನ್ನ ನೋಡಿ ನಕ್ಕಿದ್ದಕ್ಕೆ ಬಡ್ಡಿ ಸಮೇತ ತುರಿಸ್ಕೊಳ್ಲಿ!" ಎಂದು ಹಾವೆಲ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಧ್ಯಾಹ್ನವೆಲ್ಲ ಅವನು ರಾಜನಂತೆ ತಟ್ಟೆ ತಿರುಗಿಸಿದ. ಸಂಜೆಗೆ ಹೋಳುಗಳು ಪಟ್ ಎಂದು ಮುರಿಯತೊಡಗಿದವು. ಆರಿಸಿ, ಗಾಜಿನ ಭರಣಿಗೆ ತುಂಬಿ, ಮುಚ್ಚಳ ಬಿಗಿದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ. ಭರಣಿ ಕುತ್ತಿಗೆಮಟ್ಟ ತುಂಬಿತ್ತು.

ಅತ್ತೆ ಬಂದಳು. ಎರಡು ಕೋಲೂರಿಕೊಂಡು ಬಂದವಳ ಮುಖ ಕಪ್ಪಿಟ್ಟಿತ್ತು, ಲಂಗಕ್ಕೆಲ್ಲ ಅಂಟುಬೀಜ ಮೆತ್ತಿತ್ತು. ಕೋಟೂ ಬಿಚ್ಚದೆ ಮೇಜಿನ ಮುಂದೆ ಕೂತು, ಭರಣಿಯ ಮುಚ್ಚಳ ತೆಗೆಸಿದಳು. ಮೂಸಿದಳು. ಒಂದು ಹೋಳು ತೆಗೆದು ಮುರಿದಳು. ನಾಲಿಗೆಗಿಟ್ಟು ಕಣ್ಣು ಮುಚ್ಚಿದಳು.

"ಸರಿಯಾಗಿದೆ," ಎಂದಳು ಕೊನೆಗೆ. "ನಿಜ್ವಾಗ್ಲೂ ನೀನೇ ಮಾಡಿದ್ದಾ?"

"ನಾನೇ ಅಮ್ಮಾ!"

"ಮೆಚ್ಚಿದೆ ಕಣೋ. ನಿನ್ನನ್ನ ಸುಮ್ನೆ ಆಡ್ಕೊಂಡ್ವಿ." ಹಾವೆಲ್ಕಾನ ಕಣ್ಣಲ್ಲಿ ನೀರಾಡಿತು. ಅತ್ತೆ ಅವನ ಕೈ ಹಿಡಿದಳು. "ಕೊಟ್ಟ ಮಾತಿನಂತೆ ನನ್ನ ಜಾಗ ನಿಂಗೆ ಹೇಳ್ತೀನಿ. ಆದ್ರೆ ಏನು ಪ್ರಯೋಜ್ನ! ಕೊನೇ ಸಲ ನೋಡ್ಕೊಂಡು ಬರೋಣ ಅಂತ ಈಗ ಅಲ್ಲಿಂದ್ಲೇ ಬಂದೆ. ಒಂದು ತೊಟ್ಟೂ ಉಳಿದಿಲ್ಲ. ಯಾರೋ ಕಟುಕರು ಹಿಂಡುಹಿಂಡಾಗಿ ನುಗ್ಗಿ ಬಳ್ಕೊಂಡು ಹೋಗಿದಾರೆ. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಕಾಪಾಡಿದ್ದೆ. ಅತ್ತ ಹೋದವ್ರಿಗೆಲ್ಲ ಅಲ್ಲಿ ತುರಿಕೆ ಗಿಡ, ಉಣುಗು ಬಿಟ್ರೆ ಏನಿಲ್ಲ ಅಂತ ಹೇಳ್ಕೊಂಡೇ ಬಂದಿದ್ದೆ!"

ಹಾವೆಲ್ಕಾನಿಗೆ ಕೂತಿದ್ದ ಕುರ್ಚಿ ಕೆಳಗಿಳಿದಂತಾಯಿತು.

"ಇ... ಇಟ್ಟಿಗೆ ಕಾರ್ಖಾನೆನಾ ಅಮ್ಮಾ?"

"ನಿಂಗೆ ಹೇಗೆ ಗೊತ್ತು?" ಎಂದಳು ಅತ್ತೆ, ಹಿಡಿದಿದ್ದ ಕೈ ಬಿಟ್ಟು.

ಉತ್ತರ ಅವನು ಕೊಡಬೇಕಾಗಲಿಲ್ಲ, ಬಾಗಿಲೇ ಕೊಟ್ಟಿತು. ಗಂಟೆ ಬಾರಿಸುವ ತಾಳ್ಮೆಯೂ ಇಲ್ಲದೆ ಕುಚೆರೋವಾ, ಇಂಜಿನಿಯರ್ ಸಾಹೇಬರು ಒಳಗೆ ಬಂದರು. ಹಿಂದೆ ತಂಗಿ, ತಂಗಿಯ ಗಂಡ. ಬುಟ್ಟಿಗಳು ತುಳುಕುತ್ತಿದ್ದವು.

"ಹಾವೆಲ್ಕಾ ಅವ್ರೇ, ನಿಮ್ಮಂಥ ದೊಡ್ಡ ಮನ್ಸಿನೋರನ್ನ ನಾನು ನೋಡೇ ಇಲ್ಲ!" ಎಂದು ಕುಚೆರೋವಾ ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. "ನೀವು ಹೇಳಿದ ಹಾಗೇ, ಇಟ್ಟಿಗೆ ಕಾರ್ಖಾನೆ ಹಿಂದೆ! ಯಾರಾದ್ರೂ ಇಂಥ ಜಾಗ ಬಾಯಿಬಿಟ್ಟು ಹೇಳ್ತಾರಾ?"

ಅತ್ತೆ ನಿಧಾನವಾಗಿ ಕೋಲೂರಿ ಎದ್ದಳು.

"ಕಳ್ಳ!" ಎಂದಳು. "ನನ್ನ ಹಿಂದೆ ಹಿಂದೆ ಬಂದು ನೋಡ್ಕೊಂಡು, ನನ್ನ ಜಾಗದ್ದನ್ನೇ ಕಿತ್ತು ನಂಗೇ ತೋರಿಸ್ತೀಯಾ? ಸಾಲ್ದು ಅಂತ ಊರಿಗೆಲ್ಲ ಹಂಚ್ತೀಯಾ?"

"ಇಲ್ಲಮ್ಮಾ, ದೇವ್ರಾಣೆ! ನಾನು ಸುಳ್ಳು ಹೇಳಿದ್ದು..."

"ಸುಳ್ಳು ಬೇರೆ!"

ಗಂಡನ ಪಾಡು ನೋಡಿ ಲಿಬುಷೆಯ ಕರುಳು ಚುರುಕ್ ಎಂದಿತು. ಆಕೆ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

"ಅಮ್ಮಾ, ಸುಮ್ಸುಮ್ನೆ ಬೈಬೇಡ ಅವನ್ನ! ಅವನು ನಿನ್ನ ಜಾಗಕ್ಕೆ ಕಾಲೇ ಇಟ್ಟಿಲ್ಲ. ಈ ಭರಣೀದು ಅವನೇ ಹುಡ್ಕಿದ್ದು, ಲಿಪ್ಕಾ ಸ್ಟೇಷನ್ ದಾಟಿ, ನೀರಿನ ಟ್ಯಾಂಕ್ ಹಿಂದೆ, ಸಿಡಿಲು ಬಡಿದ ಓಕ್ ಮರದ ಬುಡದಲ್ಲಿ! ಬೇಕಿದ್ರೆ ಹೋಗಿ ನೋಡು!"

ಹಾವೆಲ್ಕಾ ಕಣ್ಣು ಮುಚ್ಚಿಕೊಂಡ.

"ಲಿಪ್ಕಾ," ಎಂದು ಇಂಜಿನಿಯರ್ ಸಾಹೇಬರು ಮೆಲ್ಲಗೆ ಗೊಣಗಿದರು. "ಹಳದಿ ಮರಳು. ನಾನು ಹೇಳ್ಲಿಲ್ವಾ!"

"ಸಿಡಿಲು ಬಡಿದ ಮರ," ಎಂದು ಕುಚೆರೋವಾ ಬಾಯಿಪಾಠ ಮಾಡಿಕೊಂಡರು.

ಅತ್ತೆಯ ಮುಖ ಮಾತ್ರ ಸಡಿಲವಾಯಿತು. ಆಕೆ ಮತ್ತೆ ಕೂತು, ಕುಚೆರೋವಾರ ಬುಟ್ಟಿಗೆ ಕೈಹಾಕಿ, ತನ್ನದೇ ಜಾಗದ ಒಂದು ಹ್ರಿಬ್ ಎತ್ತಿ, ಹೆತ್ತ ಮಗುವನ್ನು ನೋಡುವಂತೆ ತಿರುಗಿಸಿ ನೋಡಿದಳು.

"ಆಗಿದ್ದು ಆಯ್ತು," ಎಂದಳು. "ಇವನ್ನ ಕೊಳೆಯೋಕೆ ಬಿಡ್ಬೇಡಿ. ಇಲ್ಲಿ ಮಷೀನಿದೆ, ಒಣಗ್ಸೋಕೆ ನಮ್ಮ ಲುಬೋಷ್ ಇದಾನೆ. ಕೈ ಪರವಾಗಿಲ್ಲ ಅವನದು. ಎಲ್ಲಾರ್ದೂ ಸುರೀರಿ ಇಲ್ಲಿ. ಅರ್ಧ ನಂಗೆ, ಅರ್ಧ ನಿಮ್ಗೆ."

ಹಾವೆಲ್ಕಾ ಚಾಕು ಕೈಗೆತ್ತಿಕೊಂಡ.

ಭಾನುವಾರ ಮೊದಲ ರೈಲು ಹೊರಟಾಗ ಮುಂದಿನ ಡಬ್ಬಿಯಲ್ಲಿ ಇಂಜಿನಿಯರ್ ಸಾಹೇಬರಿದ್ದರು, ಕುಚೆರೋವಾ ಇದ್ದರು, ತಂಗಿ, ತಂಗಿಯ ಗಂಡ ಇದ್ದರು. ಕಿಟಕಿ ಪಕ್ಕದ ಸೀಟಿನಲ್ಲಿ, ಎರಡು ಕೋಲಿನ ನಡುವೆ ಖಾಲಿ ಬುಟ್ಟಿ ಇಟ್ಟುಕೊಂಡು, ಆಪರೇಷನ್ನಿಗೆ ಇನ್ನೂ ಒಂದು ದಿನ ಇದೆ ಎಂದು ಅತ್ತೆಯೂ ಕೂತಿದ್ದಳು. ಎಲ್ಲರೂ ಇಳಿದದ್ದು ಲಿಪ್ಕಾದಲ್ಲಿ. ಹಾವೆಲ್ಕಾನಿಗೂ ಹೋಗುವ ಆಸೆ ಬಹಳ ಇತ್ತು. ಆದರೆ ಮಷೀನು ತುಂಬಿತ್ತು, ತಟ್ಟೆ ತಿರುಗಿಸಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ.